ತೀನ್ ಮೂರ್ತಿ ಭವನ: ಕಾಲರೇಖೆಯ ಮೇಲೆ ಒಂದು ಮನೆ

ತರಗತಿ: 8. ಅವಧಿ: 40 ನಿಮಿಷ. ಪಾಠದ ಬಗೆ: ಸಮಾಜ ವಿಜ್ಞಾನ ಮತ್ತು ಗಣಿತದ ಸಮನ್ವಯ ಪಾಠ.

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಅಭ್ಯಾಸ ಬೋಧನೆಯಲ್ಲಿ ಒಂದು ಪಾಠವನ್ನಾದರೂ ಬೇರೆ ವಿಷಯದೊಡನೆ ಬೆಸೆದು ಮಾಡಬೇಕೆಂಬ ಸೂಚನೆಯಿತ್ತು. ಅದರಂತೆ ಇತಿಹಾಸದ ‘ಆಧಾರಗಳು’ ಎಂಬ ಪಾಠವನ್ನು ಆರಿಸಿಕೊಂಡೆ. ಶಾಸನ, ನಾಣ್ಯ, ಸ್ಮಾರಕಗಳನ್ನು ಮಕ್ಕಳು ಆಗಲೇ ಓದಿದ್ದರು. ಜನ ಉಂಡು, ಮಲಗಿ, ಬರೆದು ಬಾಳಿದ ಒಂದು ಮನೆಯೂ ಆಧಾರವಾಗಬಲ್ಲದು ಎಂದು ತೋರಿಸುವುದು ನನ್ನ ಉದ್ದೇಶ. ಇದಕ್ಕಾಗಿ ದೆಹಲಿಯ ತೀನ್ ಮೂರ್ತಿ ಭವನವನ್ನು ತೆಗೆದುಕೊಂಡೆ.

ಕಲಿಕೋಪಕರಣಗಳು ಎರಡೇ: ಕಟ್ಟಡದ ಮತ್ತು ಅದರ ಎದುರಿನ ವೃತ್ತದ ಜೆರಾಕ್ಸ್ ಚಿತ್ರಗಳು, ಪ್ರತಿ ಗುಂಪಿಗೆ ಹಾಳೆಗಳನ್ನು ಅಂಟಿಸಿ ಮಾಡಿದ 105 ಸೆಂ.ಮೀ. ಉದ್ದದ ಪಟ್ಟಿ. ಒಂದು ವರ್ಷಕ್ಕೆ ಒಂದು ಸೆಂ.ಮೀ. ಪ್ರಮಾಣ, ಆರಂಭ 1920. ಇಸವಿಗಳನ್ನು ಬರೆದ ಚೀಟಿಗಳನ್ನು ಕೊಟ್ಟು, ಸರಿಯಾದ ಜಾಗದಲ್ಲಿ ಅಂಟಿಸಲು ಹೇಳಿದೆ.

ಪೀಠಿಕೆಯಲ್ಲೇ ಎಡವಿದೆ. ವೃತ್ತದಲ್ಲಿರುವ ಮೂರು ಮೂರ್ತಿಗಳ ಚಿತ್ರ ತೋರಿಸಿ, “ಇವರು ಯಾರಿರಬಹುದು?” ಎಂದು ಕೇಳಿದೆ. ಜೆರಾಕ್ಸಿನಲ್ಲಿ ಮುಖಗಳು ಮಸಿಯಾಗಿದ್ದವು. ಹಿಂದಿನ ಬೆಂಚಿನಿಂದ ಒಬ್ಬ, “ಗಾಂಧೀಜಿ, ನೆಹರು, ಪಟೇಲ್, ಮಿಸ್” ಎಂದ. ನಾನು “ಸರಿ, ಕೂತ್ಕೊ” ಎಂದುಬಿಟ್ಟೆ. ನನಗೆ ಗೊತ್ತಿರಲಿಲ್ಲ. ಮಾರ್ಗದರ್ಶಕರು ಹಿಂದೆ ಕುಳಿತು ಬರೆದುಕೊಳ್ಳುತ್ತಿದ್ದರು. ಉತ್ತರ ಬಂತಲ್ಲ, ಮುಂದಕ್ಕೆ ಹೋಗೋಣ ಎಂಬ ಆತುರ.

ಮುಂದಿನ ಭಾಗ ಚೆನ್ನಾಗಿ ನಡೆಯಿತು. ಈ ಮನೆ ನೆಹರು ಅವರ ಸ್ವಂತದ್ದಲ್ಲ ಎಂದಾಗ ಮಕ್ಕಳಿಗೆ ಆಶ್ಚರ್ಯವಾಯಿತು. ರಾಬರ್ಟ್ ಟೋರ್ ರಸೆಲ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದ ಈ ಕಟ್ಟಡ 1930ರಲ್ಲಿ ಮುಗಿಯಿತು. ಬ್ರಿಟಿಷ್ ಭಾರತದ ಸೇನೆಯ ಮಹಾದಂಡನಾಯಕರ ವಾಸಕ್ಕೆಂದು ಕಟ್ಟಿದ್ದು; ಆಗಿನ ಹೆಸರು ಫ್ಲ್ಯಾಗ್‌ಸ್ಟಾಫ್ ಹೌಸ್. 1948ರಲ್ಲಿ ಅಲ್ಲಿಗೆ ಬಂದ ನೆಹರು 1964ರ ಮೇ 27ರಂದು ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅದೇ ವರ್ಷ ನವೆಂಬರ್ 14ರಂದು ಅಂದಿನ ರಾಷ್ಟ್ರಪತಿ ರಾಧಾಕೃಷ್ಣನ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ನೆಹರು ಮಲಗುತ್ತಿದ್ದ ಕೋಣೆ, ಓದುವ ಕೋಣೆಗಳನ್ನು ಇದ್ದ ಹಾಗೆಯೇ ಉಳಿಸಿಕೊಂಡರು. ಪಟ್ಟಿಯ ಮೇಲೆ ಅಳೆದರೆ ದಂಡನಾಯಕರ ಮನೆಯಾಗಿ 18 ಸೆಂ.ಮೀ., ಪ್ರಧಾನಿಯ ಮನೆಯಾಗಿ 16 ಸೆಂ.ಮೀ. ಅಲ್ಲಿಂದ ಈಚೆಗೆ 2022ರವರೆಗೆ 58 ಸೆಂ.ಮೀ. “ಜನ ಇದ್ದಿದ್ದಕ್ಕಿಂತ ನೋಡೋಕೆ ಬಂದಿದ್ದೇ ಜಾಸ್ತಿ ವರ್ಷ” ಎಂದು ಒಬ್ಬಳು ಹೇಳಿದಳು. ಆ ವಾಕ್ಯವನ್ನು ಹಾಗೆಯೇ ಕಪ್ಪುಹಲಗೆಯ ಮೇಲೆ ಬರೆದೆ.

2022ರ ಏಪ್ರಿಲ್ 14ರಂದು ಅದೇ ಆವರಣದಲ್ಲಿ ಪ್ರಧಾನಮಂತ್ರಿ ಸಂಗ್ರಹಾಲಯ ಆರಂಭವಾಯಿತು. ಈಗ ಅಲ್ಲಿ ನೆಹರು ಒಬ್ಬರೇ ಅಲ್ಲ, ಅವರ ನಂತರದ ಪ್ರಧಾನಿಗಳೂ ಇದ್ದಾರೆ ಎಂದೆ. “ದೇವೇಗೌಡ್ರೂ ಇದಾರಾ ಮಿಸ್?” “ಇದ್ದಾರೆ.” ತರಗತಿ ಚಪ್ಪಾಳೆ ಹೊಡೆಯಿತು. ಆವರಣದಲ್ಲೇ 1984ರಲ್ಲಿ ತೆರೆದ ತಾರಾಲಯವಿದೆ, ರಾಕೇಶ್ ಶರ್ಮಾ ಭೂಮಿಗೆ ಮರಳಿದ ಸೋಯುಜ್ ಟಿ-10 ಕೋಶ ಅಲ್ಲಿದೆ ಎಂದು ಹೇಳಲು ಹೊರಟು ನಾನೇ ತಡೆದುಕೊಂಡೆ. ಭೌತವಿಜ್ಞಾನದ ಆಸೆಗೆ ಬಿದ್ದರೆ 40 ನಿಮಿಷ ಸಾಲದು.

ಆಗ ಮೂರನೆಯ ಗುಂಪಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಕೈಯಲ್ಲಿದ್ದ ಚೀಟಿ: ‘ಮೂರು ಮೂರ್ತಿಗಳ ಸ್ಥಾಪನೆ, 1922’. ಪುಸ್ತಕದಿಂದ ಇಸವಿಯನ್ನು ಬರೆದುಕೊಂಡವಳು ನಾನೇ. ಅದರ ಅರ್ಥವನ್ನು ಯೋಚಿಸಿರಲಿಲ್ಲ. “ಮಿಸ್, 1922ರಲ್ಲಿ ಮನೆ ಇನ್ನೂ ಕಟ್ಟಿರ್ಲಿಲ್ಲ. ನೆಹರು ಪ್ರಧಾನಿ ಆಗಿರ್ಲಿಲ್ಲ. ಗಾಂಧೀಜೀನ ಆಗ ಜೈಲಿಗೆ ಹಾಕಿದ್ರು ಅಂತ ಓದಿದೀವಿ. ಇಂಗ್ಲಿಷರು ಅವರ ಮೂರ್ತಿ ಯಾಕೆ ನಿಲ್ಲಿಸ್ತಾರೆ?”

ಉತ್ತರ ಕೊಟ್ಟ ಹುಡುಗ ನನ್ನ ಮುಖ ನೋಡಿದ. ಅವನದು ಊಹೆ, ಅದಕ್ಕೆ ಮುದ್ರೆ ಒತ್ತಿದವಳು ನಾನು. ‘ಆಮೇಲೆ ಹೇಳ್ತೀನಿ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ಕ್ಷಣ ಬಿಟ್ಟು, “ನಾನು ಸರಿ ಅಂದಿದ್ದು ತಪ್ಪು. ಅವರು ಯಾರೆಂದು ನನಗೆ ಗೊತ್ತಿಲ್ಲ. ತಿಳಿದುಕೊಂಡು ನಾಳೆ ಹೇಳ್ತೀನಿ” ಎಂದೆ. ಪಾಠದ ಮೌಲ್ಯಮಾಪನದ ಪ್ರಶ್ನೆಗಳಿಗೆ ಸಮಯ ಉಳಿಯಲಿಲ್ಲ.

ಅಂದು ರಾತ್ರಿ ತಿಳಿದದ್ದು: ಆ ಮೂರ್ತಿಗಳು ಮೊದಲ ಮಹಾಯುದ್ಧದಲ್ಲಿ ಸಿನಾಯ್, ಪ್ಯಾಲೆಸ್ತೀನ್, ಸಿರಿಯಾಗಳಲ್ಲಿ ಮಡಿದ ಹೈದರಾಬಾದ್, ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳದ ಸೈನಿಕರ ನೆನಪಿಗೆ ನಿಂತವು. ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಮೈಸೂರು ಲ್ಯಾನ್ಸರ್ಸ್ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ವಶಪಡಿಸಿಕೊಂಡರು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು. ಮನೆಗೆ ಹೆಸರು ಬಂದದ್ದು ಈ ಮೂವರಿಂದ. ಅವರಲ್ಲೊಬ್ಬರು ನಮ್ಮ ಮೈಸೂರಿನವರ ಪರವಾಗಿ ನಿಂತಿದ್ದಾರೆ. ನಾನು ಅವರನ್ನು ಅಳಿಸಿ ಮಕ್ಕಳಿಗೆ ಆಗಲೇ ಪರಿಚಿತವಾದ ಹೆಸರನ್ನು ಹಾಕಿದ್ದೆ.

ಮರುದಿನ ಗಣಿತದ ಅವಧಿಯಲ್ಲಿ ಐದು ನಿಮಿಷ ಕೇಳಿಕೊಂಡು ಇದಿಷ್ಟನ್ನೂ ಹೇಳಿದೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರ ಟಿಪ್ಪಣಿ ಹೀಗಿತ್ತು: ‘ವಿಷಯ ಸಿದ್ಧತೆ ಸಾಲದು. ಕಾಲರೇಖೆ ಉತ್ತಮ. ಮೌಲ್ಯಮಾಪನ ಮಾಡಿಲ್ಲ.’ ಮೊದಲೆರಡನ್ನು ಒಪ್ಪುತ್ತೇನೆ. ಮೂರನೆಯದರ ಬಗ್ಗೆ ನನ್ನದೊಂದು ವಾದವಿದೆ: ನಾನು ಸಿದ್ಧಪಡಿಸಿದ್ದ ಐದು ಪ್ರಶ್ನೆಗಳಲ್ಲಿ ಯಾವುದೂ ಆ ಹುಡುಗಿಯ ಪ್ರಶ್ನೆಯಷ್ಟು ಚೆನ್ನಾಗಿ ‘ಆಧಾರ’ ಎಂಬ ಪರಿಕಲ್ಪನೆಯನ್ನು ಪರೀಕ್ಷಿಸುತ್ತಿರಲಿಲ್ಲ. ಆದರೆ ಒಬ್ಬಳು ಕೇಳಿದಳೆಂದು ಉಳಿದ 38 ಮಂದಿಗೂ ಅರ್ಥವಾಯಿತೆಂದು ಹೇಳುವಂತಿಲ್ಲ. ಈ ಪಾಠವನ್ನು ಮಾಡುವ ಸಹಪಾಠಿಗಳು ಚೀಟಿಗಳನ್ನು ಮೊದಲು ಅಂಟಿಸಲು ಕೊಟ್ಟು, ಮೂರ್ತಿಗಳು ಯಾರದೆಂಬ ಪ್ರಶ್ನೆಯನ್ನು ಆಮೇಲೆ ಕೇಳಲಿ. ನಾನು ಅದನ್ನು ತಿರುವುಮುರುವು ಮಾಡಿದ್ದೆ.

ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. ಆವರಣ ಸುಮಾರು 30 ಎಕರೆ ಎಂದಾಗ, ಎರಡೆಕರೆ ರಾಗಿ ಹೊಲದ ಮನೆಯ ಹುಡುಗನೊಬ್ಬ, “ಸ್ವಾತಂತ್ರ್ಯ ಬಂದ ಮೇಲೂ ಅಷ್ಟು ದೊಡ್ಡ ಮನೆ ಯಾಕೆ ಬೇಕಿತ್ತು?” ಎಂದು ಕೇಳಿದ್ದ. ಅದನ್ನು ಸಮಾಜ ವಿಜ್ಞಾನದ ಶಿಕ್ಷಕರು ಚರ್ಚಾ ವಿಷಯವಾಗಿ ತೆಗೆದುಕೊಂಡಿದ್ದಾರೆ.

ಮೂರನೆಯ ಗುಂಪಿನ ಪಟ್ಟಿ ಈಗಲೂ ತರಗತಿಯ ಗೋಡೆಯ ಮೇಲಿದೆ. ಅದು 1920ರಿಂದ ಶುರುವಾಗುತ್ತಿತ್ತು. ಹೈಫಾವನ್ನು ಸೇರಿಸಲು ಮಕ್ಕಳು ಎಡಗಡೆಗೆ ಎರಡು ಸೆಂ.ಮೀ. ಕಾಗದ ಅಂಟಿಸಿದ್ದಾರೆ.