ಲ್ಯಾಪ್‌ಟಾಪೋ, ದೂರದ ಸರ್ವರೋ?

ಕೋಡ್ ಬರೆಯಲೆಂದು ದುಬಾರಿ ಲ್ಯಾಪ್‌ಟಾಪ್‌ಗೆ ಸಾಲ ಮಾಡುವ ಮುನ್ನ ನಿಮ್ಮ ಕೆಲಸ ಎಂಥದ್ದೆಂದು ನೋಡಿಕೊಳ್ಳಿ. ಪೈಥಾನ್ ಕಲಿಯಲು, ಸಣ್ಣ ವೆಬ್‌ಸೈಟ್ ಕಟ್ಟಲು 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಕರೆಂಟ್ ಹೋಗಿ ವೈಫೈ ನಿಂತರೂ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ.

ಡಾಕರ್‌ನಲ್ಲಿ ನಾಲ್ಕಾರು ಸೇವೆಗಳನ್ನು ಒಟ್ಟಿಗೆ ಓಡಿಸಬೇಕು, ದೊಡ್ಡ ಪ್ರಾಜೆಕ್ಟ್ ಬಿಲ್ಡ್ ಮಾಡಬೇಕು ಎಂದಾದರೆ ದೂರದ ಸರ್ವರ್ ಒಳ್ಳೆಯದು. ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ ಬಳಸಿದರೆ ಎಡಿಟರ್ ನಿಮ್ಮ ಪರದೆಯಲ್ಲೇ ಇರುತ್ತದೆ, ದುಡಿಮೆ ಅಲ್ಲಿ ನಡೆಯುತ್ತದೆ. ಸರ್ವರ್ ಮುಂಬಯಿಯಂಥ ಹತ್ತಿರದ ಜಾಗದಲ್ಲಿರಲಿ. ಅಮೆರಿಕದ್ದಾದರೆ ಟರ್ಮಿನಲ್‌ನಲ್ಲಿ ಒತ್ತಿದ ಅಕ್ಷರವೂ ತಡವಾಗಿ ಮೂಡುತ್ತದೆ.

ಇಂಥ ದೂರದ ಯಂತ್ರವನ್ನು ಬಳಸಲು ಕೊಡುವ ಗಿಟ್‌ಹಬ್ ಕೋಡ್‌ಸ್ಪೇಸಸ್ ಸೇವೆ ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತವಾಗಿ ಕೊಡುತ್ತದೆ. ಅಂದರೆ 2 ಕೋರ್‌ನ ಯಂತ್ರಕ್ಕೆ 60 ಗಂಟೆ. ಮೊದಲು ಅದರಲ್ಲೇ ಒಂದು ತಿಂಗಳು ಕೆಲಸ ಮಾಡಿ ನೋಡಿ. ಬಾಡಿಗೆ ಸರ್ವರ್ ಹಿಡಿದರೆ ಕೆಲಸ ಮುಗಿದ ಕೂಡಲೇ ನಿಲ್ಲಿಸಿ, ಇಲ್ಲದಿದ್ದರೆ ನೀವು ಮಲಗಿದ್ದಾಗಲೂ ಬಿಲ್ ಏರುತ್ತದೆ.

ಎಲ್ಲೇ ಬರೆಯಿರಿ, ಕೆಲಸ ಮುಗಿಸಿ ಏಳುವ ಮುನ್ನ ಕೋಡನ್ನು ಗಿಟ್‌ಹಬ್‌ಗೆ ಪುಶ್ ಮಾಡಿ. ಲ್ಯಾಪ್‌ಟಾಪ್ ಕಳುವಾಗಬಹುದು, ಬಹುದಿನ ಮುಟ್ಟದ ಕೋಡ್‌ಸ್ಪೇಸ್ ತಾನಾಗಿಯೇ ಅಳಿಸಿಹೋಗುತ್ತದೆ. ಕಂಪನಿಯ ಕೋಡ್ ಆದರೆ ಅದನ್ನು ಎಲ್ಲಿಡಬಹುದೆಂದು ಮೊದಲೇ ಕೇಳಿ ತಿಳಿದುಕೊಳ್ಳಿ.