ಪೆಟ್ಟಿಗೆಯಲ್ಲಿದ್ದುದೆಲ್ಲ ಪಿಸ್ತೂಲಾಗುವುದಿಲ್ಲ

ನೀನು ಕೊಂಡ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಹರಡಿ ಫೋಟೊ ಕಳಿಸಿದ್ದೀಯಲ್ಲ, ದೊಡ್ಡದು ಮಾಡಿ ಒಂದೊಂದನ್ನೂ ನೋಡಿದೆ. ಒಂದು ಚಕಮಕಿ ಲಾಕು, ಅಂದರೆ ಕಿಡಿ ಹೊಡೆಯುವ ಯಂತ್ರ. ಯಾರೋ ಉದ್ದ ರೈಫಲಿನಿಂದ ಕತ್ತರಿಸಿ ಮಿಗಿಸಿದ ನಳಿಗೆಯ ತುಂಡು. ಟ್ರಿಗರಿಗೆ ಅಡ್ಡ ಹಾಕುವ ಹಿತ್ತಾಳೆಯ ಬಿಲ್ಲು, ಮೂರು ನಾಲ್ಕು ಸ್ಕ್ರೂ, ಅರ್ಧ ಕೆತ್ತಿ ಬಿಟ್ಟ ಮರದ ಹಿಡಿ. ಇದರಿಂದ ಒಂದು ಪಿಸ್ತೂಲು ಎಬ್ಬಿಸಬೇಕು ಎಂಬ ನಿನ್ನ ಆಸೆ ತಪ್ಪಲ್ಲ. ನಿಮ್ಮಮ್ಮ ಫೋನು ಮಾಡಿ, 'ಅಣ್ಣಾ, ನೀನಾದರೂ ಅವನಿಗೆ ಬುದ್ಧಿ ಹೇಳು' ಅಂದಳು. ನಾನು ನಿನ್ನ ಪರವಾಗಿಯೇ ಮಾತಾಡಿದೆ. ಇಡೀ ದಿನ ಕಂಪ್ಯೂಟರಿನ ಮುಂದೆ ಕೂರುವ ಹುಡುಗ ಸಂಜೆ ಅರ ಹಿಡಿದರೆ ಒಳ್ಳೆಯದೇ ಎಂದೆ. ಬುದ್ಧಿ ಹೇಳುತ್ತೇನೆ ಅಂತಲೂ ಮಾತು ಕೊಟ್ಟಿದ್ದೇನೆ, ಹಾಗಾಗಿ ಪೂರ್ತಿ ಓದು.

ಬಿಡಿಭಾಗ ಕೂಡಿಸಿ ಮಾಡಿದ್ದು ಕೀಳು ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡ. ನಾನಿರುವ ಈ ಪೆನ್ಸಿಲ್ವೇನಿಯಾದಲ್ಲೇ, ಲ್ಯಾಂಕಾಸ್ಟರ್ ಸುತ್ತಮುತ್ತ, ಹದಿನೆಂಟನೇ ಶತಮಾನದ ಬಂದೂಕುಗಾರರು ಅದನ್ನೇ ಮಾಡುತ್ತಿದ್ದರು. ಎಷ್ಟೋ ಹಳೆಯ ಅಮೆರಿಕನ್ ರೈಫಲುಗಳ ಲಾಕಿನ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕೆಟ್‌ಲ್ಯಾಂಡ್ ಎಂಬ ಹೆಸರು ಕಾಣುತ್ತದೆ, ಹಡಗಿನಲ್ಲಿ ಬಂದ ಮಾಲು ಅದು. ಮುರಿದ ಬಂದೂಕಿನ ಲಾಕು, ಹಿತ್ತಾಳೆ ಕಿತ್ತು ಹೊಸ ಮರಕ್ಕೆ ಕೂರಿಸುವುದು ದಿನನಿತ್ಯದ ಕೆಲಸವಾಗಿತ್ತು. ಆದರೆ ಸಿಕ್ಕಿದ ಭಾಗಗಳಲ್ಲಿ ಯಜಮಾನ ಯಾರು, ಆಳು ಯಾರು ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ನಿನ್ನ ಮೇಜಿನ ಮೇಲೆ ಆ ತೀರ್ಮಾನ ಇನ್ನೂ ಆಗಿಲ್ಲ. ಆ ಅರ್ಧ ಕೆತ್ತಿದ ಹಿಡಿ ನಿನಗೆ ಇಷ್ಟವಾಗಿಬಿಟ್ಟಿದೆ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೊರಟಿದ್ದೀಯ. ಅದು ತಲೆಕೆಳಗು. ನಳಿಗೆ ಮತ್ತು ಲಾಕು ಹೇಳಿದಂತೆ ಮರ ಕೇಳಬೇಕು.

ನಳಿಗೆಯ ವಿಷಯದಲ್ಲಿ ಮಾತ್ರ ನಾನು ಸಲುಗೆ ಕೊಡುವುದಿಲ್ಲ. ಆ ತುಂಡಿನ ಮೇಲೆ ಯಾವ ಗುರುತೂ ಕಾಣಲಿಲ್ಲ. ಇಂಗ್ಲೆಂಡಿನಲ್ಲಾದರೆ ಲಂಡನ್ನಿನ ಬಂದೂಕುಗಾರರ ಸಂಘಕ್ಕೆ ನಳಿಗೆ ಪರೀಕ್ಷಿಸುವ ಸನ್ನದು 1637ರಲ್ಲೇ ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಪರೀಕ್ಷಾಲಯ ಶುರುವಾಯಿತು. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಅಂಥ ಸರ್ಕಾರಿ ಕಡ್ಡಾಯ ಇಲ್ಲ. ಇಲ್ಲಿ ನಳಿಗೆ ಮಾಡಿದವನ ಹೆಸರೇ ನಿನಗೆ ಜಾಮೀನು. ಹೆಸರಿಲ್ಲದ ತುಂಡು ಯಾವ ಉಕ್ಕಿನದೋ, ಒಳಗೆ ತುಕ್ಕು ಎಷ್ಟು ತಿಂದಿದೆಯೋ, ಹಿಂಬದಿ ಮುಚ್ಚುವ ತಿರುಪಿಗೆ ಗೋಡೆಯಲ್ಲಿ ಎಷ್ಟು ದಪ್ಪ ಉಳಿದಿದೆಯೋ, ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. ನಿನ್ನ ಮುಖದಿಂದ ಮೊಳ ದೂರದಲ್ಲಿ ಹಿಡಿಯುವ ವಸ್ತು ಅದು. ಪೈಪು, ಕೊಳವೆ ತಂದು ಮಾಡುತ್ತೇನೆ ಎಂಬ ಯೋಚನೆಯಂತೂ ಕನಸಿನಲ್ಲೂ ಬೇಡ. ಹೆಸರಾಂತವರು ಮಾಡಿದ ಹೊಸ ನಳಿಗೆ ಕೊಂಡುಕೋ. ಅದರ ಹಿಂಬದಿಯ ತಿರುಪು ಕೂರಿಸುವುದನ್ನೂ ಪರೀಕ್ಷಿಸುವುದನ್ನೂ ಅನುಭವಸ್ಥ ಬಂದೂಕುಗಾರನಿಗೆ ಬಿಡು. ಖರ್ಚು ಮಾಡಬೇಕಾದದ್ದು ಅಲ್ಲೇ. ಅಷ್ಟು ದುಡ್ಡು ಈಗಿಲ್ಲ ಅನ್ನುವುದಾದರೆ, ಇರುವ ತುಂಡನ್ನೇ ಬಳಸಿ ಗೋಡೆಗೆ ತೂಗುಹಾಕುವ ಪಿಸ್ತೂಲು ಮಾಡು. ಕಿಡಿ ಒಳಹೋಗುವ ಪಕ್ಕದ ತೂತನ್ನು ಕೊರೆಯಲೇಬೇಡ, ಆಗ ಅದು ಯಾರ ಕೈಗೆ ಸಿಕ್ಕರೂ ಹಾರುವುದಿಲ್ಲ. ಕೆತ್ತನೆಯ ಸುಖ ಎರಡರಲ್ಲೂ ಒಂದೇ.

ಇನ್ನು ಲಾಕು. ನೀನು ಗಮನಿಸಿದೆಯೋ ಇಲ್ಲವೋ, ಅದು ಎಡಗಡೆಗೆ ಕೂರುವಂಥದ್ದು. ಅದಕ್ಕೇ ಪೆಟ್ಟಿಗೆ ನಿನಗೆ ಅಗ್ಗಕ್ಕೆ ಸಿಕ್ಕಿರಬೇಕು! ಬೇಜಾರು ಬೇಡ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಚಕಮಕಿ ಪಿಸ್ತೂಲುಗಳಲ್ಲಿ ಒಂದಕ್ಕೆ ಬಲಗಡೆ, ಅದರ ಜೊತೆಯದಕ್ಕೆ ಎಡಗಡೆ ಲಾಕು ಇರುವ ಜೋಡಿಗಳಿವೆ, ಕನ್ನಡಿಯಲ್ಲಿ ಕಂಡ ಹಾಗೆ. ಮೈಮೇಲೆ ಹುಲಿಪಟ್ಟೆಯ ಅಲಂಕಾರ ಬೇರೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಲೂಟಿಯಾಗಿ ಹೋದವು ಈಗಲೂ ಲಂಡನ್ನಿನ ಹರಾಜುಗಳಲ್ಲಿ ತಲೆಯೆತ್ತುತ್ತವೆ. ನಮ್ಮ ಕಡೆಯವನು ಎಡಗಡೆ ಲಾಕಿನ ಪಿಸ್ತೂಲು ಮಾಡಿದರೆ ಹುಬ್ಬೇರಿಸುವವರಿಗೆ ಇಷ್ಟು ಉತ್ತರ ಸಾಕು.

ಆದರೆ ಆ ಲಾಕಿಗೆ ಜೀವ ಇದೆಯೇ ಎಂದು ಮೊದಲು ನೋಡು. ಫ್ರಾನ್ಸಿನ ಲಿಸಿಯುವಿನ ಮಾರೆನ್ ಲ ಬೂರ್ಜ್ವಾ 1610ರ ಸುಮಾರಿಗೆ ರೂಪಿಸಿದ ಎಂದು ಹೇಳುವ ಈ ಯಂತ್ರ ಇನ್ನೂರು ವರ್ಷಕ್ಕೂ ಮಿಕ್ಕಿ ಹೆಚ್ಚು ಬದಲಾಗದೆ ನಡೆಯಿತು. ಕಲ್ಲು ಕಚ್ಚಿಕೊಂಡ ಕುದುರೆ ಮುಂದಕ್ಕೆ ಬಡಿಯುತ್ತದೆ, ಎದುರಿಗಿರುವ ಉಕ್ಕಿನ ತಗಡು ಮುಂದಕ್ಕೆ ತೆರೆದುಕೊಂಡು ಕೆಳಗಿನ ಬಟ್ಟಲಿನ ಮದ್ದಿಗೆ ಕಿಡಿ ಬೀಳುತ್ತದೆ. ಆ ತಗಡನ್ನೇ ಇಲ್ಲಿಯವರು ಫ್ರಿಜನ್ ಅನ್ನುವುದು. ಕಿಡಿ ಕಲ್ಲಿನದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಕಲ್ಲಿನ ಅಂಚು ಉಕ್ಕಿನಿಂದ ಹೆರೆದು ತೆಗೆದ ಪುಡಿ ಗಾಳಿಯಲ್ಲಿ ಉರಿಯುವುದೇ ಕಿಡಿ. ಹಾಗಾಗಿ ಫ್ರಿಜನ್ನಿನ ಮುಖ ಗಡುಸಾಗಿರಲೇಬೇಕು. ಅದರ ಅಂಚಿನಲ್ಲಿ ಸಣ್ಣ ಅರವನ್ನು ಮೆಲ್ಲಗೆ ಎಳೆದು ನೋಡು. ಅರ ಜಾರಿದರೆ ಸರಿ, ಕಚ್ಚಿ ಪುಡಿ ಉದುರಿದರೆ ಅದು ಮೆತ್ತನೆಯ ಲೋಹ. ಶೋಕಿಗೆ ಎರಕ ಹೊಯ್ದು ಮಾರುವ ಲಾಕುಗಳದ್ದೆಲ್ಲ ಇದೇ ಹಣೆಬರಹ. ಗಡುಸು ಮಾಡಿಸಬಹುದು, ಅದೂ ತಿಳಿದವರ ಕೈಯಿಂದಲೇ.

ಕಲ್ಲು ಒಳ್ಳೆಯದು ಬೇಕೆಂದರೆ ಇಂಗ್ಲೆಂಡಿನ ಸಫೊಕ್‌ನ ಬ್ರ್ಯಾಂಡನ್ ಕಡೆಯ ಕಪ್ಪು ಕಲ್ಲು ಕೇಳು, ನೆಪೋಲಿಯನ್ ಕಾಲದ ಯುದ್ಧಗಳಿಗೆ ಬ್ರಿಟಿಷ್ ಸೈನ್ಯಕ್ಕೆ ಹೋದದ್ದು ಆ ಊರಿನವರು ಒಡೆದ ಕಲ್ಲೇ. ಕಲ್ಲಿಗೆ ಒಂದು ಚೂರು ಚರ್ಮ ಸುತ್ತಿ ಕುದುರೆಯ ಬಾಯಿಗೆ ಕೂರಿಸು, ಅಂಚು ಪೂರ್ತಿ ಫ್ರಿಜನ್ನಿಗೆ ನೇರ ತಾಗಬೇಕು. ಗ್ಯಾರೇಜಿನ ದೀಪ ಆರಿಸಿ, ಮದ್ದು ಸುತ್ತಮುತ್ತ ಎಲ್ಲೂ ಇಲ್ಲದಾಗ, ಬರಿಯ ಲಾಕನ್ನು ಕೈಯಲ್ಲಿ ಹಿಡಿದು ಹೊಡೆದು ನೋಡು. ಬಿಳಿ ಕಿಡಿ ಬಟ್ಟಲಿನೊಳಕ್ಕೇ ಸುರಿಯಬೇಕು. ಅರ್ಧಕ್ಕೆ ಎಳೆದು ನಿಲ್ಲಿಸಿದ ಕುದುರೆ ಎಷ್ಟು ಅದುಮಿದರೂ ಜಾರಬಾರದು. ಜಾರಿದರೆ ಆ ಲಾಕು ಗೋಡೆಗೇ ಸೇರಿದ್ದು.

ಮರದ ಕೆಲಸಕ್ಕೆ ಅವಸರ ಮಾಡಬೇಡ. ಆ ಅರ್ಧ ಕೆತ್ತಿದ ಹಿಡಿ ಯಾಕೆ ಅರ್ಧಕ್ಕೆ ನಿಂತಿದೆ ಎಂದು ಫೋಟೊದಲ್ಲೇ ಕಾಣುತ್ತದೆ. ಎಳೆ ನೇರವಾಗಿ ಹೋಗಿದೆ, ಹಿಡಿ ಮಾತ್ರ ಬಾಗಿದೆ. ಅಂಗೈ ಹಿಡಿಯುವ ತೆಳ್ಳನೆಯ ಜಾಗದಲ್ಲಿ ಎಳೆ ಅಡ್ಡ ತುಂಡಾಗಿದೆ, ಒಂದು ಸಲ ಕೈಜಾರಿ ಬಿದ್ದರೆ ಅಲ್ಲೇ ಪಟ್ಟೆಂದು ಮುರಿಯುತ್ತದೆ. ಪಿಸ್ತೂಲಿಗೆ ಆರಿಸುವ ಹಲಗೆಯಲ್ಲಿ ಎಳೆಯೇ ಹಿಡಿಯ ಜೊತೆಗೆ ಬಾಗಿರಬೇಕು, ಬೇರಿನ ಹತ್ತಿರದ ಮರದಲ್ಲಿ ಅಂಥದ್ದು ಸಿಗುತ್ತದೆ. ಈ ಕಡೆ ಮೇಪಲ್ ಹೇರಳ. ಅಲೆಅಲೆ ಎಳೆಯ ಮೇಪಲ್ ನೋಡಲು ಚೆಂದ, ಉಳಿಗೆ ಮಾತ್ರ ಹಠಮಾರಿ. ಮೊದಲ ಸಲಕ್ಕೆ ವಾಲ್‌ನಟ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಮೇಪಲ್ ಪಕ್ಷದವರು ಒಪ್ಪುವುದಿಲ್ಲ.

ಮೊದಲು ನಳಿಗೆ ಮರಕ್ಕೆ ಕೂರಲಿ, ಆಮೇಲೆ ಲಾಕು. ನಳಿಗೆಯ ಹಿಂಬದಿ ಎಲ್ಲಿ ಮುಗಿಯುತ್ತದೋ ಅದೇ ಲಾಕಿನ ಬಟ್ಟಲು ಎಲ್ಲಿರಬೇಕು ಎಂದು ಹೇಳುತ್ತದೆ, ಕಾಲಿಂಚು ಆಚೀಚೆ ಆದರೂ ಮರ ದಂಡ. ಲೋಹ ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ದೀಪದ ಮಸಿಗೆ ಎಣ್ಣೆ ಕಲಸಿ ಲೋಹಕ್ಕೆ ಸವರು. ನಿಮ್ಮಜ್ಜಿ ಹಣತೆಯ ಮೇಲೆ ಬಟ್ಟಲು ಕವುಚಿ ಕಾಡಿಗೆ ಹಿಡಿಯುತ್ತಿದ್ದಳಲ್ಲ, ಅದೇ ಸರಕು. ಮರಕ್ಕೆ ಒತ್ತಿ ತೆಗೆ, ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಹೆರೆ, ಮತ್ತೆ ಒತ್ತು. ನೂರು ಸಲ ಮಾಡಬೇಕಾಗಬಹುದು. ಸಂದು ಬಿಟ್ಟರೆ ಅಂಟು, ಮರದ ಪುಡಿ ಹಾಕಿ ಮುಚ್ಚುವ ಚಾಳಿ ಕಲಿಯಬೇಡ.

ಹಿತ್ತಾಳೆಗೆ ಹೇಳುವಂಥದ್ದು ಹೆಚ್ಚಿಲ್ಲ, ಅರ ಹಿಡಿ, ಉಜ್ಜು.

ಬಣ್ಣಕ್ಕೆ ಹಳಬರು ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ನೀರನ್ನು ಮೇಪಲ್ಲಿಗೆ ಹಚ್ಚಿ ಶಾಖ ಕೊಡುತ್ತಿದ್ದರು, ಅಲೆಗಳು ಎದ್ದು ಕಾಣುತ್ತವೆ. ಅದನ್ನು ಮನೆಯಲ್ಲಿ ಕಲಸುವ ಸಾಹಸ ಬೇಡ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಕೊನೆಗೆ ಅಗಸೆ ಎಣ್ಣೆ. ನಿಮ್ಮಮ್ಮನಿಗೆ ಪಿಸ್ತೂಲಿನ ಭಯ, ನನಗೆ ಈ ಎಣ್ಣೆ ಒರೆಸಿದ ಬಟ್ಟೆಯ ಭಯ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಕಸದ ಡಬ್ಬಿಗೆ ಎಸೆದರೆ ರಾತ್ರಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬೇಲಿಯ ಮೇಲೆ ಬಿಡಿಸಿ ಹರವು, ಇಲ್ಲ ನೀರಿನಲ್ಲಿ ಮುಳುಗಿಸಿಡು.

ಹಾರುವ ಪಿಸ್ತೂಲೇ ಮಾಡಿದೆ ಎಂದಿಟ್ಟುಕೋ. ಅದಕ್ಕೆ ಕಪ್ಪು ಮದ್ದು ಬಿಟ್ಟು ಬೇರೇನೂ ಸಲ್ಲದು. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದು ಒಂದು ಚಿಟಿಕೆ ಬೆರೆತರೂ ನಳಿಗೆ ಒಡೆದೀತು. ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಹಚ್ಚು. ಕಪ್ಪು ಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ಬೆಳಗಾಗುವಷ್ಟರಲ್ಲಿ ತುಕ್ಕು ಎಬ್ಬಿಸುತ್ತದೆ.

ಕಾನೂನು ನೋಡಿಕೊಂಡು ಹೆಜ್ಜೆ ಇಡು. ಅಮೆರಿಕದ 1968ರ ಬಂದೂಕು ಕಾಯ್ದೆ 1898ರವರೆಗಿನ ಹಳೆಯ ಬಂದೂಕುಗಳನ್ನೂ ಅವುಗಳ ಮಾದರಿಯ ಚಕಮಕಿ ನಕಲುಗಳನ್ನೂ ಬೇರೆಯಾಗಿ ನೋಡುತ್ತದೆ ನಿಜ, ಆದರೆ ರಾಜ್ಯಗಳ ಕಟ್ಟಳೆ ಒಂದೇ ಸಮ ಇಲ್ಲ. ಮೊದಲ ಅರ ಎಳೆಯುವ ಮುಂಚೆಯೇ ನಿಮ್ಮ ರಾಜ್ಯದ್ದನ್ನು ವಿಚಾರಿಸು. ಊರಿಗೆ ಹೋಗುವಾಗ ಅಪ್ಪನಿಗೆ ತೋರಿಸುತ್ತೇನೆ ಅಂತ ಸೂಟ್‌ಕೇಸಿಗೆ ಹಾಕಿಕೊಳ್ಳುವ ಯೋಚನೆ ಇದ್ದರೆ ಇವತ್ತೇ ಬಿಡು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ನಿನ್ನ ಹವ್ಯಾಸ ಗೊತ್ತಿಲ್ಲ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ವಾದ ಹೂಡಬೇಡ. ಅದು ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ, ತಯಾರಿಸಲು ಅಲ್ಲ. ನಾವು ಆ ಪಟ್ಟಿಯಲ್ಲೂ ಇಲ್ಲ. ಅಪ್ಪನಿಗೆ ವಿಡಿಯೊದಲ್ಲೇ ತೋರಿಸು.

ಲಾಕು ನಿನಗೇ ಬಗೆಹರಿಯದಿದ್ದರೆ ಇಂಡಿಯಾನಾದಲ್ಲಿ ಫ್ರೆಂಡ್‌ಶಿಪ್ ಎಂಬ ಊರಿದೆ. ಬಾಯಿಯಿಂದ ಮದ್ದು ತುಂಬುವ ಬಂದೂಕಿನವರ ರಾಷ್ಟ್ರೀಯ ಸಂಘ, 1933ರಲ್ಲಿ ಹುಟ್ಟಿದ್ದು, ಅಲ್ಲಿ ವಸಂತದಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಸೇರುತ್ತದೆ. ಲಾಕು, ನಳಿಗೆ ಮಾಡುವವರೇ ಬಂದು ಕೂತಿರುತ್ತಾರೆ, ಕೇಳಿದರೆ ಬಿಚ್ಚಿ ತೋರಿಸುತ್ತಾರೆ. ಸೆಪ್ಟೆಂಬರಿಗೆ ರಜೆ ಹಾಕು, ನಾನೂ ಬರುತ್ತೇನೆ. ಕಾರು ಮಾತ್ರ ನೀನೇ ಓಡಿಸಬೇಕು.