ಐದನೇ ಗೇರಿನ ಲೆಕ್ಕ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಕಾಮರ್ಸ್ ಓದುವವಳಿಗೆ ಗೇರ್‌ಬಾಕ್ಸ್ ಉಸಾಬರಿ ಏಕೆ ಎಂದು ಸೈನ್ಸ್ ಗೆಳತಿಯರು ಕೇಳುತ್ತಾರೆಂದು ಗೊತ್ತು. ಕಾರಣ ನಮ್ಮ ಮನೆಯ ಪೆಟ್ರೋಲ್ ಚೀಟಿಗಳು. ಅವನ್ನು ತಿಂಗಳ ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದು ಕೂಡಿಸುವ ಕೆಲಸ ನನ್ನದು.

ಚನ್ನಪಟ್ಟಣದಲ್ಲಿ ಹಳೆಯ ಹೆದ್ದಾರಿಯ ಪಕ್ಕ ನಮ್ಮದೊಂದು ಸಣ್ಣ ಗೊಂಬೆ ಅಂಗಡಿ ಇದೆ. ದಾದಾ ಕಾಲದಿಂದ ಆಲೆಮರದ ಗೊಂಬೆ, ಬುಗುರಿ, ಬಳೆ ಮಾರುತ್ತಿದ್ದೇವೆ. ಮೊದಲು ಮೈಸೂರಿಗೆ ಹೋಗುವ ಕಾರುಗಳು ಅಂಗಡಿ ಮುಂದೆಯೇ ಹೋಗಬೇಕಿತ್ತು. ಮಕ್ಕಳು ಹಟ ಮಾಡಿದರೆ ಗಾಡಿ ನಿಲ್ಲುತ್ತಿತ್ತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. 119 ಕಿಲೋಮೀಟರ್ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬದಿಗಿಟ್ಟು ಸಾಗುತ್ತದೆ. ಗಾಡಿಗಳು ಅತ್ತ ಹೋದವು, ಗಿರಾಕಿಯೂ ಅತ್ತ ಹೋದ. ಗಿರಾಕಿ ನಮ್ಮ ಬಳಿ ಬರದಿದ್ದರೆ ನಾವೇ ಹೋಗಬೇಕಲ್ಲ? ಈಗ ಅಬ್ಬಾ ವಾರಕ್ಕೆ ಎರಡು ಸಲ ಕಾರಿನಲ್ಲಿ ಪೆಟ್ಟಿಗೆ ತುಂಬಿಕೊಂಡು ಮೈಸೂರಿನ ಅಂಗಡಿಗಳಿಗೆ ಸರಕು ಹಾಕಿ ಬರುತ್ತಾರೆ. ಹೀಗೆ ಪೆಟ್ರೋಲ್ ನಮ್ಮ ವ್ಯಾಪಾರದ ದೊಡ್ಡ ಖರ್ಚಾಯಿತು.

ಗಾಡಿ ಹಳೆಯದು. 998 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಕಾರು, ಐದು ಗೇರ್. ಆದರೆ ಅಬ್ಬಾ ನಾಲ್ಕಕ್ಕೇ ನಿಲ್ಲುತ್ತಾರೆ. ಎಕ್ಸ್‌ಪ್ರೆಸ್‌ವೇ ಮೇಲೆ 80ರಲ್ಲಿ ಹೋಗುವಾಗಲೂ ಇಂಜಿನ್ ‘ಗೊಂಯ್’ ಎನ್ನುತ್ತಿರುತ್ತದೆ. ಕೇಳಿದರೆ, "ಐದನೇ ಗೇರ್ ಬೊಂಬಾಯಿಗೆ ಹೋಗುವವರಿಗೆ ಬೇಟಿ, ನಮಗಲ್ಲ. ಸ್ಪೀಡ್ ಗೇರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ," ಎನ್ನುತ್ತಾರೆ.

ಇದು ಎಲ್ಲಿಂದ ಬಂತು ಎಂದು ಯೋಚಿಸಿದೆ. ಅಬ್ಬಾ ಡ್ರೈವಿಂಗ್ ಕಲಿತದ್ದು ಚಾಚಾನ ಹಳೆಯ ಮಾರುತಿ 800ರಲ್ಲಿ. 1983ರ ಡಿಸೆಂಬರಿನಲ್ಲಿ ಬಂದ ಆ 796 ಸಿಸಿ ಕಾರಿಗೆ ಬಹಳ ವರ್ಷ ನಾಲ್ಕೇ ಗೇರ್ ಇದ್ದವು. ಅದಕ್ಕೂ ಹಿಂದಿನ ಅಂಬಾಸಿಡರ್, ಪದ್ಮಿನಿಗಳಿಗೂ ನಾಲ್ಕೇ. ಆ ಕಾಲದವರ ಕೈಗೆ ನಾಲ್ಕು ಎಂದರೆ ಕೊನೆ. ಹೊಸ ಗಾಡಿ ಬಂದರೂ ಕೈ ಅಲ್ಲಿಗೇ ನಿಲ್ಲುತ್ತದೆ.

ಗೇರ್ ಎಂದರೇನು ಎಂದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಗೊಂಬೆಯ ಲೇತ್‌ನಿಂದ. ನಮ್ಮೂರಿನ ಲೇತ್ ನೋಡಿದ್ದೀರಲ್ಲ? ಮೋಟಾರ್ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅದರ ಪುಲ್ಲಿ 3 ಇಂಚು, ಲೇತ್ ಪುಲ್ಲಿ 6 ಇಂಚು ಎಂದುಕೊಳ್ಳಿ. ಬೆಲ್ಟ್ ಹಾಕಿದರೆ ಲೇತ್ 720 ಸುತ್ತು ತಿರುಗುತ್ತದೆ. ವೇಗ ಅರ್ಧವಾಯಿತು, ಆದರೆ ತಿರುಚುವ ಬಲ ಎರಡರಷ್ಟಾಯಿತು. ದಪ್ಪ ಮರ ಕಡೆಯಲು ಅದು ಬೇಕು. ಸಣ್ಣ ಮಣಿ ಮಾಡುವಾಗ ಬಲ ಬೇಡ, ವೇಗ ಬೇಕು, ಬೆಲ್ಟನ್ನು ಬೇರೆ ಪುಲ್ಲಿಗೆ ಹಾಕುತ್ತಾರೆ. ಗೇರ್‌ಬಾಕ್ಸ್ ಮಾಡುವುದೂ ಇಷ್ಟೇ. ಬೆಲ್ಟ್ ಬದಲು ಹಲ್ಲಿನ ಚಕ್ರ, ಎರಡು ಪುಲ್ಲಿ ಬದಲು ಐದು ಜೋಡಿ. (ನಮ್ಮ ಬಿಡದಿಯಲ್ಲೇ, 2002ರಲ್ಲಿ ಸ್ಥಾಪನೆಯಾದ ಟೊಯೋಟ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಕಾರ್ಖಾನೆಯಲ್ಲಿ ಮ್ಯಾನುಯಲ್ ಗೇರ್‌ಬಾಕ್ಸ್ ತಯಾರಾಗುತ್ತವೆ. ಇಷ್ಟು ಹತ್ತಿರ ಇದ್ದೂ ನಮಗೆ ಅದರ ಒಳಗೇನಿದೆ ಎಂದು ಗೊತ್ತಿಲ್ಲ ನೋಡಿ.)

ಒಂದನೇ ಗೇರಿನಲ್ಲಿ ಇಂಜಿನ್ ಹೆಚ್ಚು ಸುತ್ತುತ್ತದೆ, ಚಕ್ರ ಕಡಿಮೆ. ನಿಂತ ಗಾಡಿ ಎಳೆಯಲು ಬಲ ಬೇಕು. ಐದನೆಯದರಲ್ಲಿ ಇಂಜಿನ್ ಕಡಿಮೆ ಸುತ್ತಿಗೆ ಅಷ್ಟೇ ದೂರ ಹೋಗುತ್ತದೆ.

ಎಷ್ಟು ಕಡಿಮೆ? ನಮ್ಮ ಟೈರಿನ ಮೇಲೆ 155/65 ಆರ್14 ಎಂದಿದೆ. 155 ಎಂದರೆ ಅಗಲ ಮಿಲಿಮೀಟರಿನಲ್ಲಿ. ಟೈರಿನ ಪಕ್ಕದ ಎತ್ತರ ಅದರ ಶೇಕಡ 65, ಅಂದರೆ ಸುಮಾರು 101. ಮೇಲೆ ಕೆಳಗೆ ಎರಡು ಸೇರಿ 201.5. ರಿಮ್ 14 ಇಂಚು, ಅಂದರೆ 355.6. ಒಟ್ಟು ವ್ಯಾಸ 557 ಮಿಲಿಮೀಟರ್. 3.14ರಿಂದ ಗುಣಿಸಿದರೆ ಸುತ್ತಳತೆ 1.75 ಮೀಟರ್. ಒಂದು ಕಿಲೋಮೀಟರಿಗೆ ಚಕ್ರ 571 ಸಲ ಉರುಳುತ್ತದೆ. ನಿಮ್ಮ ಮನೆಯ ಗಾಡಿಯ ಟೈರ್ ನೋಡಿ ನೀವೂ ಮಾಡಬಹುದು, ಹತ್ತನೇ ತರಗತಿಯ ಗಣಿತ ಸಾಕು.

ಇಂಜಿನ್ ಎಷ್ಟು ಸುತ್ತಿತು ಎಂಬುದನ್ನು ಆರ್‌ಪಿಎಂ ಮೀಟರ್ ತೋರಿಸುತ್ತದೆ. ನನಗೆ ಹದಿನೇಳು, ಲೈಸೆನ್ಸ್ ಇಲ್ಲ. ಹಾಗಾಗಿ ಅಬ್ಬಾ ಪಕ್ಕದ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ಮುಳ್ಳು ನೋಡುವುದು ಮಾತ್ರ ನನ್ನ ಕೆಲಸ. 80ರ ವೇಗದಲ್ಲಿ ನಾಲ್ಕನೇ ಗೇರಿಗೆ ಮುಳ್ಳು 3,200, ಐದನೇ ಗೇರಿಗೆ 2,600. 80ರಲ್ಲಿ ಒಂದು ಕಿಲೋಮೀಟರಿಗೆ ಮುಕ್ಕಾಲು ನಿಮಿಷ. ಅಂದರೆ ನಾಲ್ಕರಲ್ಲಿ ಕಿಲೋಮೀಟರಿಗೆ 2,400 ಸುತ್ತು, ಐದರಲ್ಲಿ 1,950. ಪ್ರತಿ ಕಿಲೋಮೀಟರಿಗೂ 450 ಸುತ್ತು ಉಳಿತಾಯ. ಮೈಸೂರಿಗೆ ಹೋಗಿಬಂದರೆ 70,000ಕ್ಕೂ ಹೆಚ್ಚು. ಈ ಸಂಖ್ಯೆ ಹೇಳಿದಾಗ ಅಬ್ಬಾ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು.

ಆದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. "ಸುತ್ತು ಕಡಿಮೆಯಾದರೆ ಏನು? ಎಳೆಯುವ ಭಾರ ಅಷ್ಟೇ ಅಲ್ವಾ?" ಹೌದು, 80ರಲ್ಲಿ ಗಾಡಿ ಓಡಿಸಲು ಬೇಕಾದ ಶಕ್ತಿ ಯಾವ ಗೇರ್ ಇದ್ದರೂ ಒಂದೇ. ಮತ್ತೆ ಉಳಿತಾಯ ಎಲ್ಲಿಂದ?

ಇಲ್ಲಿ ನಮ್ಮ ಅರ್ಥಶಾಸ್ತ್ರದ ಪಾಠ ಕೆಲಸಕ್ಕೆ ಬಂತು. ಅಂಗಡಿ ಬಾಗಿಲು ತೆರೆದ ಕೂಡಲೇ ಬಾಡಿಗೆ, ಕರೆಂಟು ಶುರು. ಗಿರಾಕಿ ಒಬ್ಬ ಬರಲಿ, ಐವತ್ತು ಜನ ಬರಲಿ, ಅದು ಅಷ್ಟೇ. ಇಂಜಿನ್ ಒಂದು ಸುತ್ತು ಸುತ್ತಿದರೂ ಹಾಗೇ. ಪಿಸ್ಟನ್ ಉಜ್ಜಬೇಕು, ಬೇರಿಂಗ್ ತಿರುಗಬೇಕು, ವಾಲ್ವ್ ತೆರೆಯಬೇಕು, ಆಯಿಲ್ ಪಂಪ್ ಓಡಬೇಕು. ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ ಪೆಟ್ರೋಲ್ ಉರಿಯುವುದು ಇದಕ್ಕೇ. ಇದು ಪ್ರತಿ ಸುತ್ತಿನ ಬಾಡಿಗೆ. ಅದೇ ವ್ಯಾಪಾರ ಆರು ಅಂಗಡಿ ಬದಲು ಐದು ಅಂಗಡಿಯಲ್ಲಿ ಆಗುವುದಾದರೆ ಆರನೆಯದರ ಬಾಡಿಗೆ ಏಕೆ ಕಟ್ಟಬೇಕು?

ಇನ್ನೊಂದು ಖರ್ಚು ಗಾಳಿ ಎಳೆದುಕೊಳ್ಳುವುದು. ಪೆಟ್ರೋಲ್ ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ತಟ್ಟೆಯಂಥ ಬಾಗಿಲು ಇದೆ. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದರೆ ಅದು ಸ್ವಲ್ಪವೇ ತೆರೆಯುತ್ತದೆ. ಆಗ ಇಂಜಿನ್ ಆ ಸಂದಿಯಿಂದ ಕಷ್ಟಪಟ್ಟು ಗಾಳಿ ಹೀರಬೇಕು, ಎಳನೀರಿನ ಸ್ಟ್ರಾ ಚಿವುಟಿ ಹಿಡಿದು ಹೀರಿದ ಹಾಗೆ. ಐದನೇ ಗೇರಿನಲ್ಲಿ ಅದೇ ವೇಗಕ್ಕೆ ಆಕ್ಸಿಲರೇಟರ್ ಸ್ವಲ್ಪ ಹೆಚ್ಚು ಒತ್ತಬೇಕಾಗುತ್ತದೆ. ಅಬ್ಬಾ ಇದನ್ನೇ ನೋಡಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ ಎಂದುಕೊಂಡಿದ್ದರು. ನಿಜದಲ್ಲಿ ಬಾಗಿಲು ಅಗಲವಾಗಿ ತೆರೆದು ಹೀರುವುದು ಸುಲಭವಾಗಿರುತ್ತದೆ. ಕಾಲಿನ ಒತ್ತಡ ಪೆಟ್ರೋಲಿನ ಅಳತೆ ಅಲ್ಲ.

ಬಾಯಿಮಾತಿಗೆ ಅಬ್ಬಾ ಒಪ್ಪುವವರಲ್ಲ. ಆದ್ದರಿಂದ ಪರೀಕ್ಷೆ ಮಾಡಿದೆವು. ಒಂದೇ ಬಂಕ್, ಒಂದೇ ಪಂಪ್, ಟ್ಯಾಂಕ್ ತುಂಬಿ ಪಂಪ್ ತಾನೇ ನಿಂತ ಕೂಡಲೇ ಸಾಕು. ಹೋಗಿಬಂದು ಮತ್ತೆ ಅಲ್ಲಿಗೇ ತುಂಬಿಸುವುದು. ಹೋಗುವಾಗ ಹನ್ನೆರಡು ಪೆಟ್ಟಿಗೆ, ಬರುವಾಗ ಖಾಲಿ. ಎಸಿ ಇಲ್ಲ.

ಮೊದಲ ಸಲ ಅಬ್ಬಾ ರೀತಿ, ನಾಲ್ಕನೇ ಗೇರ್, 80ರ ವೇಗ: 164 ಕಿಲೋಮೀಟರಿಗೆ 9.6 ಲೀಟರ್. ಲೀಟರಿಗೆ 17.1.

ಎರಡನೇ ಸಲ ಐದನೇ ಗೇರ್, ಅದೇ 80: 163 ಕಿಲೋಮೀಟರಿಗೆ 8.7 ಲೀಟರ್. ಲೀಟರಿಗೆ 18.7.

ನಾನು ಗೆದ್ದೆ ಎಂದು ಕುಣಿಯುವಷ್ಟರಲ್ಲಿ ಚಾಚಾ, "ಐದನೇ ಗೇರ್ ಹಾಕಿದ ಮೇಲೆ 80ರಲ್ಲಿ ಯಾರು ಹೋಗ್ತಾರೆ, 100ರಲ್ಲಿ ನೋಡು," ಎಂದರು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿ 100. ಮೂರನೇ ಸಲ 100ಕ್ಕೆ ಮೀರದಂತೆ ಹೋದೆವು: 165 ಕಿಲೋಮೀಟರಿಗೆ 10.1 ಲೀಟರ್. ಲೀಟರಿಗೆ 16.3. ಅಬ್ಬಾರ ನಾಲ್ಕನೇ ಗೇರಿಗಿಂತಲೂ ಕಡಿಮೆ!

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದನೇ ಗೇರಿನಲ್ಲಿ ವೇಗ ಎಷ್ಟೇ ಇದ್ದರೂ ಕಿಲೋಮೀಟರಿಗೆ ಸುತ್ತು 1,950ರಷ್ಟೇ, ಹಲ್ಲಿನ ಚಕ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಸುತ್ತಿನ ಬಾಡಿಗೆ ಹೆಚ್ಚಿಲ್ಲ ಎಂದರೆ ಪೆಟ್ರೋಲ್ ಹೋಗಿದ್ದು ಎಲ್ಲಿಗೆ? ಭೌತಶಾಸ್ತ್ರ ಓದುವ ಗೆಳತಿಯೊಬ್ಬಳು ಬೆಳಗ್ಗೆ ಬಸ್ಸಿನಲ್ಲಿ ಒಂದೇ ಮಾತಿನಲ್ಲಿ ಹೇಳಿದಳು: ಗಾಳಿಗೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100 ಎಂದರೆ ವೇಗ ಕಾಲು ಭಾಗ ಹೆಚ್ಚು, ಆದರೆ 1.25ನ್ನು 1.25ರಿಂದ ಗುಣಿಸಿದರೆ 1.56. ಗಾಳಿಯನ್ನು ನೂಕುವ ಕೆಲಸ ಶೇಕಡ 56 ಹೆಚ್ಚಾಗುತ್ತದೆ. ಗೇರ್ ಉಳಿಸಿದ್ದನ್ನು ಗಾಳಿ ತಿಂದು ಇನ್ನಷ್ಟು ಕೇಳಿತು. ಅಂದರೆ ಚಾಚಾ ಹೇಳಿದ್ದರಲ್ಲೂ ಅಬ್ಬಾ ಹೇಳಿದ್ದರಲ್ಲೂ ಸ್ವಲ್ಪ ಸತ್ಯ ಇತ್ತು. ಐದನೇ ಗೇರ್ ಪೆಟ್ರೋಲ್ ಕುಡಿಯುವುದಿಲ್ಲ, ಅದು ಬಿದ್ದ ಮೇಲೆ ಬರುವ ಆಸೆ ಕುಡಿಯುತ್ತದೆ.

ಮೂರೇ ಪ್ರಯಾಣದ ಲೆಕ್ಕ ಇದು. ಎದುರುಗಾಳಿ, ಮೈಸೂರಿನೊಳಗಿನ ಸಿಗ್ನಲ್, ಪಂಪ್ ಸ್ವಲ್ಪ ಮೊದಲೇ ನಿಲ್ಲುವುದು, ಎಲ್ಲಕ್ಕೂ ಅಂಕಿ ಆಚೀಚೆ ಆಗಬಹುದು. ಆಮೇಲೆ ನಾಲ್ಕು ಸಲ ಐದನೇ ಗೇರಿನಲ್ಲಿ 80ರಲ್ಲಿ ಹೋಗಿದ್ದೇವೆ. 18.2ಕ್ಕಿಂತ ಕೆಳಗೆ ಬಂದಿಲ್ಲ.

ಇನ್ನು ಹಣ. ಲೆಕ್ಕ ಸುಲಭವಾಗಲಿ ಎಂದು ಲೀಟರಿಗೆ 100 ರೂಪಾಯಿ ಹಿಡಿಯುತ್ತೇನೆ. ನಾಲ್ಕರಿಂದ ಐದಕ್ಕೆ ಹೋದರೆ ಒಂದು ಪ್ರಯಾಣಕ್ಕೆ ಸುಮಾರು 85 ರೂಪಾಯಿ, ತಿಂಗಳಿಗೆ ಎಂಟು ಪ್ರಯಾಣಕ್ಕೆ 680. 100ರ ಬದಲು 80ರಲ್ಲಿ ಹೋದರೆ ಉಳಿಯುವುದು ಇನ್ನೂ ಹೆಚ್ಚು, ಒಂದು ಪ್ರಯಾಣಕ್ಕೆ ಸುಮಾರು 130. ಆದರೆ ಇಲ್ಲಿ ಅವಕಾಶ ವೆಚ್ಚ ಮರೆಯಬಾರದು. 80 ಕಿಲೋಮೀಟರಿಗೆ 60 ನಿಮಿಷದ ಬದಲು 48 ನಿಮಿಷ, ಹೋಗಿಬರಲು 24 ನಿಮಿಷ ಉಳಿಯುತ್ತದೆ. ಆ 24 ನಿಮಿಷದಲ್ಲಿ 130 ರೂಪಾಯಿಗಿಂತ ಹೆಚ್ಚು ದುಡಿಯುವುದಾದರೆ 100ರಲ್ಲಿ ಹೋಗುವುದೇ ಲಾಭ. ಅಬ್ಬಾ ಯೋಚಿಸಿ ಹೇಳಿದರು, "ಆರ್ಡರ್ ಇರುವ ದಿನ ದುಡೀತೀನಿ. ಇಲ್ಲದ ದಿನ ಅಂಗಡಿಯಲ್ಲಿ ನೊಣ ಓಡಿಸ್ತೀನಿ." ಹಾಗಾಗಿ ಸಾಮಾನ್ಯ ದಿನ 80 ಎಂದು ತೀರ್ಮಾನವಾಯಿತು.

ಎಲ್ಲ ಕಡೆಗೂ ಐದು ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಕನಕಪುರದಲ್ಲಿ ಫುಪ್ಪು ಮನೆಗೆ ಹೋಗುವಾಗ ಒಂದು ಏರಿನಲ್ಲಿ ಅಬ್ಬಾ ಬೇಕೆಂದೇ 40ರಲ್ಲಿ ಐದನೇ ಗೇರ್ ಹಾಕಿದರು. ಗಾಡಿ ಗಡಗಡ ನಡುಗಿತು, ಆಕ್ಸಿಲರೇಟರ್ ಪೂರಾ ಒತ್ತಿದರೂ ವೇಗ ಇಳಿಯುತ್ತಲೇ ಹೋಯಿತು. "ಎಲ್ಲಿ ಬೇಟಿ ನಿನ್ನ ಲೆಕ್ಕ?" ಎಂದು ನಕ್ಕರು. ಸುತ್ತು ತೀರಾ ಕಡಿಮೆಯಾದರೆ ಇಂಜಿನ್ನಿಗೆ ಎಳೆಯುವ ಬಲವೇ ಇರುವುದಿಲ್ಲ. ಹಾಗೆ ಎಳೆಸಿದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಪೆಟ್ಟು. ಮಾಗಡಿ ಕಡೆಯ ಏರಿಳಿತದ ರಸ್ತೆಯಲ್ಲೂ ಮೂರು, ನಾಲ್ಕೇ ಸರಿ. ಪೆಟ್ರೋಲಿಯಂ ಉಳಿತಾಯಕ್ಕೆಂದು 1978ರಲ್ಲಿ ಶುರುವಾದ ಪಿಸಿಆರ್‌ಎ 45ರಿಂದ 55ರ ವೇಗ ಒಳ್ಳೆಯದು ಎನ್ನುತ್ತದೆ. ನಮ್ಮ ಗಾಡಿಯಲ್ಲಿ 50ಕ್ಕೆ ಐದನೇ ಗೇರ್ ಎಂದರೆ 1,625 ಸುತ್ತು. ಸಪಾಟು ರಸ್ತೆಯಲ್ಲಿ ಎಳೆಯುತ್ತದೆ, ಏರು ಬಂದರೆ ಇಳಿಸಲೇಬೇಕು. ಆದರೆ ಎಕ್ಸ್‌ಪ್ರೆಸ್‌ವೇ ಮೇಲೆ 50ರಲ್ಲಿ ಹೋಗಿ ಹಿಂದಿನ ಲಾರಿಯಿಂದ ಹಾರ್ನ್ ಹೊಡೆಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಚಾಚಾ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾರೆ. ಕಾರ್ಬುರೇಟರ್ ಕಾಲದ ಅಭ್ಯಾಸ ಅದು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ತಾನೇ ನಿಲ್ಲುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಲು ಪೆಟ್ರೋಲ್ ಬೇಕೇ ಬೇಕು. ಮೇಲಾಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ಚಾಚಾಗೆ ಹೇಳಿದ್ದೇನೆ, ಅವರಿನ್ನೂ ಒಪ್ಪಿಲ್ಲ.

ಅಬ್ಬಾ ಈಗ ರಾಮನಗರ ಕಡೆ ಹೋಗುವಾಗಲೂ ಎಕ್ಸ್‌ಪ್ರೆಸ್‌ವೇ ಹತ್ತಿದ ಕೂಡಲೇ ಐದು ಹಾಕುತ್ತಾರೆ. ಮರೆತರೆ ಅಮ್ಮಿ ಹಿಂದಿನ ಸೀಟಿನಿಂದ ನೆನಪಿಸುತ್ತಾರೆ. ನೋಟ್‌ಬುಕ್ಕಿನಲ್ಲಿ ಮುಂದಿನ ಪರೀಕ್ಷೆ ಬರೆದಿಟ್ಟಿದ್ದೇನೆ: ಮಾಡಿನ ಮೇಲಿನ ಕ್ಯಾರಿಯರ್ ಬಿಚ್ಚಿ ಹೋದರೆ ಗಾಳಿಯ ತಡೆ ಎಷ್ಟು ಇಳಿಯುತ್ತದೆ? ದಸರಾ ಗೊಂಬೆಗಳ ಆರ್ಡರ್ ಮುಗಿಯುವ ತನಕ ಕ್ಯಾರಿಯರ್ ಮುಟ್ಟಬೇಡ ಎಂದಿದ್ದಾರೆ ಅಬ್ಬಾ.